ಪೆಟ್ಟಿಗೆಯ ಮೇಲೆ ನಿಲ್ಲುವವರು

ನಮ್ಮ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇದೆ. ರಟ್ಟಿನ ಪೆಟ್ಟಿಗೆಗೆ ಯಾರು ಬೆಲೆ ಕಟ್ಟುತ್ತಾರೋ ಅವರೇ, ಮಷೀನಿನಿಂದ ಬಂದ ಮೊದಲ ಪೆಟ್ಟಿಗೆಯ ಮೇಲೆ ಹಲಗೆ ಇಟ್ಟು, ಹತ್ತಿ ನಿಲ್ಲಬೇಕು. ನೂರು ಎಣಿಸುವ ತನಕ. ಕುಸಿದರೆ ಇಳಿದು ಹೋಗಿ ಮೊದಲಿಂದ ಲೆಕ್ಕ ಹಾಕಬೇಕು. ನಿಂತರೆ, ಆ ಪೆಟ್ಟಿಗೆ ಕತ್ತರಿಸಿದ ಅಚ್ಚಿನ, ಅಂದರೆ ಡೈನ ಮೇಲೆ ಕೆಂಪು ಬಣ್ಣದ ಒಂದು ಗೀಟು. ಹಳೇ ಯಜಮಾನ ಎಮಿಲ್ ಹಾಫ್ಟ್ ಮಾಡಿಟ್ಟು ಹೋದ ನಿಯಮ ಇದು. "ಪೆನ್ಸಿಲ್ ಹಿಡ್ಕೊಂಡು ಕೂತೋರಿಗೆ ಸ್ವಲ್ಪ ಭಯ ಇರ್ಲಿ" ಅನ್ನುತ್ತಿದ್ದ ಆ ಮುದುಕ.

ಪೆನ್ಸಿಲ್ ಹಿಡಿದು ಕೂತವಳು ನಾನು, ವಿಲ್ಮ ಪಾಲ್ಚೆಕ್. ಮೂವತ್ತಾರು ವರ್ಷದಿಂದ ಇದೇ ನದಿ ದಂಡೆ, ಇದೇ ಅಂಟಿನ ವಾಸನೆ, ಇದೇ ಕುರ್ಚಿ. ಹತ್ತಿ ಇಳಿದು ನನ್ನ ಬಲಮಂಡಿ ಹಾಳಾಗಿದೆ. ಆದರೂ ಆ ನವೆಂಬರಿನ ತನಕ ನನ್ನ ಪೆಟ್ಟಿಗೆ ಕುಸಿದದ್ದು ನಾಲ್ಕೇ ಸಲ. ಈಗ ಹೇಳುತ್ತಿರುವುದು ಐದನೆಯದರ ಕಥೆ. ಹೇಳಲು ನನಗೇನೂ ಖುಷಿಯಿಲ್ಲ.

ನವೆಂಬರ್ ಮೊದಲ ಮಂಗಳವಾರ ಜೋಸೆಟ್ ಮಸಾರ್ಟ್ ಬಂದಳು. ಬೆಲ್ಜಿಯಂ ಮೂಲದವರ ಊರುಗಳಿವೆಯಲ್ಲ ನಮ್ಮ ನದಿ ಸೇರುವ ಕೊಲ್ಲಿಯ ಆಚೆ, ಅಲ್ಲಿಯವಳು. ಮೂವತ್ತೈದು ಇರಬಹುದು ವಯಸ್ಸು. ತೋಳಿನ ಮೇಲೆ ಒಲೆ ಸುಟ್ಟ ಕಲೆಗಳು. ಕೈಯಲ್ಲಿ ಒಂದು ಪೈ, ಅವರ ಮನೆಗಳಲ್ಲಿ ಹಬ್ಬಕ್ಕೆ ಮಾಡುವಂಥದ್ದು: ಕೆಳಗೆ ಮೆತ್ತನೆ ಹಿಟ್ಟು, ನಡುವೆ ಒಣ ಪ್ಲಮ್ಮಿನ ಪಾಕ, ಮೇಲೆ ಸಿಹಿ ಗಿಣ್ಣು. ಮುಚ್ಚಿದ ಪೈ ಅಲ್ಲ, ಬೆರಳು ತಾಗಿದರೂ ಗುರುತು ಬೀಳುತ್ತದೆ.

ಅರವತ್ತು ಅಂಗಡಿಗಳಿರುವ ಒಂದು ಸರಣಿ ಅವಳ ಪೈ ಮಾರಲು ಒಪ್ಪಿತ್ತು, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ. ಪ್ರತಿ ಪೈಗೂ ತೆಳು ಪ್ಲಾಸ್ಟಿಕ್ ಮುಚ್ಚಳ, ಪೆಟ್ಟಿಗೆಗೆ ಆರು ಪೈ: ಪಕ್ಕಪಕ್ಕದಲ್ಲಿ ಎರಡು ಸಾಲು, ಸಾಲಿಗೆ ಮೂರು, ಒಂದರ ಮೇಲೊಂದು. ಒಟ್ಟು ಎರಡು ಸಾವಿರದ ನಾನೂರು ಪೆಟ್ಟಿಗೆ. ಶುಕ್ರವಾರ ಬೆಳಗಿನ ಐದಕ್ಕೆ ಮೊದಲ ಲೋಡ್, ಇನ್ನೂರು ಪೆಟ್ಟಿಗೆ. ಮೊದಲ ಲೋಡಿನಲ್ಲಿ ಹತ್ತು ಪೈ ಹಾಳಾಗಿದ್ದರೂ ಎರಡನೇ ಲೋಡ್ ಬೇಡ ಅಂತ ಕಾಗದದಲ್ಲಿ ಬರೆದಿದ್ದರು. ಇವಳು ಅದನ್ನು ನಂಬಿ ಶಾಲೆಯ ಅಡುಗೆಮನೆ ಕೆಲಸ ಬಿಟ್ಟು, ಒಂಬತ್ತು ಹೆಂಗಸರನ್ನು ಕೆಲಸಕ್ಕೆ ಕರೆದಾಗಿತ್ತು.

ನಾನು ಲೆಕ್ಕ ಹಾಕಿ ತೋರಿಸಿದೆ. ಅವಳು ಕಾಗದ ನೋಡಿದಳು, ನನ್ನ ಮುಖ ನೋಡಿದಳು.

"ಒಂದು ಪೆಟ್ಟಿಗೆಗೆ ಒಂದು ಡಾಲರ್ ನಲವತ್ತೆಂಟು ಸೆಂಟಾ? ಬರೀ ರಟ್ಟು ತಾನೇ ವಿಲ್ಮ?"

"ನಿನ್ನ ಪೈನೂ ಬರೀ ಹಿಟ್ಟು ತಾನೇ?"

ಅವಳು ನಗಲಿಲ್ಲ. "ತೊಂಬತ್ತು ಸೆಂಟಿಗಿಂತ ಒಂದು ಸೆಂಟ್ ಜಾಸ್ತಿ ಆದ್ರೂ ನನಗೆ ಕೈಯಿಂದ ಹೋಗುತ್ತೆ. ಪ್ರತಿ ಪೆಟ್ಟಿಗೆಗೂ. ಹಂಗಾದ್ರೆ ನಾನು ಯಾಕೆ ಒಲೆ ಹಚ್ಚಲಿ, ಹೇಳಿ."

"ಕೂತ್ಕೋ" ಅಂದೆ. ಅವಳ ಹಟ ನನಗೆ ಹಿಡಿಸಿತು. "ನೋಡು, ನೀನು ನೂರು ಪೆಟ್ಟಿಗೆ ಕೇಳಿದ್ರೂ ಲಕ್ಷ ಕೇಳಿದ್ರೂ ಮಷೀನಿಗೆ ಡೈ ಕಟ್ಟಿ ಸರಿಮಾಡೋಕೆ ಒಂದು ಗಂಟೆ ಬೇಕು. ನಿನ್ನ ಪೆಟ್ಟಿಗೆ ಕಡಿಮೆ, ಹಂಗಾಗಿ ಆ ಗಂಟೆ ನಿನಗೆ ತುಟ್ಟಿ. ಡೈ ಅಂದ್ರೆ ಪ್ಲೈವುಡ್ಡಿಗೆ ಉಕ್ಕಿನ ಅಲಗು ಬಡಿದಿರೋ ಅಚ್ಚು. ಹೊಸದು ಮಾಡಿಸಿದ್ರೆ ಆರುನೂರು ಡಾಲರ್, ಅದೂ ಇಷ್ಟೇ ಪೆಟ್ಟಿಗೆ ಮೇಲೆ ಬೀಳುತ್ತೆ. ಇನ್ನು ಪೆಟ್ಟಿಗೆ ಮೇಲೆ ಹಾಕೋಕೆ ನಿನ್ನ ತಂಗಿ ಬರೆದಿರೋ ಈ ಚಿತ್ರ. ಹಸಿರು ಕೊಟ್ಟಿಗೆ, ಕೆಂಪು ಸೂರ್ಯ, ಹಳದಿ ಕೋಳಿ. ಮೂರು ಬಣ್ಣಕ್ಕೆ ಮೂರು ಪ್ಲೇಟು, ಮೂರು ಸಲ ಮಷೀನ್ ತೊಳೀಬೇಕು. ಒಳಗಿನ ಪೈ ಕಾಣೋಕೆ ಮೇಲೆ ಪ್ಲಾಸ್ಟಿಕ್ ಕಿಟಕಿ ಬೇರೆ."

"ಕೋಳಿ ತೆಗೀರಿ."

"ಸೂರ್ಯ?"

"ಅದನ್ನೂ ತೆಗೀರಿ. ಕಿಟಕಿ ಬೇಡ. ಕೊಟ್ಟಿಗೆ ಒಂದು ಇರ್ಲಿ, ಅದು ನಮ್ಮಜ್ಜಿದು."

ಒಂದು ಡಾಲರ್ ಇಪ್ಪತ್ತೇಳಕ್ಕೆ ಇಳಿಯಿತು. ಅಲ್ಲಿಂದ ಕೆಳಗೆ ಒಂದು ಸೆಂಟೂ ಅಲುಗಲಿಲ್ಲ. ಜೋಸೆಟ್ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದಳು. ಆಗಲೇ ನನಗೆ ಗೋಡೆ ನೆನಪಾದದ್ದು.

ನಮ್ಮಲ್ಲಿ ಹಳೇ ಡೈಗಳನ್ನು ಬಿಸಾಡುವುದಿಲ್ಲ. ಗೋಡೆ ತುಂಬ ನೇತುಹಾಕಿದ್ದೇವೆ, ನಂಬರ್ ಬರೆದು. ಅವಳನ್ನು ನಿಲ್ಲಿಸಿ, ಅಳತೆ ಟೇಪು ಹಿಡಿದು ಹೋದೆ. ಮೂವತ್ತು ಡೈ ಅಳೆದೆ, ಕೈಯೆಲ್ಲ ಧೂಳು. ಸಾವಿರದ ನೂರಾ ಎಂಬತ್ತೇಳನೇ ನಂಬರಿನದು ಸರಿಹೊಂದಿತು, ಆರು ಪೈಗೆ ಅಳೆದು ಮಾಡಿಸಿದ ಹಾಗೆ. ಜೊತೆಗೆ ಇನ್ನೊಂದು ಲಾಭ: ಉಳಿದವುಗಳಲ್ಲಿ ಒಂದು ಹಾಳೆಗೆ ಎರಡು ಪೆಟ್ಟಿಗೆ ಸಿಕ್ಕರೆ ಇದರಲ್ಲಿ ಮೂರು. ಮರದ ಮೂಲೆಯಲ್ಲಿ ಕೆಂಪು ಗೀಟು. ಅದರ ಪಕ್ಕ ನನ್ನದೇ ಅಕ್ಷರ, ಎಂಬತ್ತೊಂಬತ್ತನೇ ಇಸವಿ. ಈ ಕೆಲಸಕ್ಕೆ ಸೇರಿ ನಾನು ಬೆಲೆ ಕಟ್ಟಿದ ಮೊದಲ ಪೆಟ್ಟಿಗೆ ಅದು.

"ಎಂಬತ್ತೆಂಟು ಸೆಂಟು" ಅಂದೆ ವಾಪಸು ಬಂದು.

ಜೋಸೆಟ್ ಮೇಜಿನ ಮೇಲೆ ಎರಡೂ ಕೈ ಊರಿ ತಲೆ ತಗ್ಗಿಸಿ ನಿಂತಳು. ಅಳುತ್ತಿದ್ದಾಳೋ ಏನೋ ಅಂತ ನಾನು ಕಿಟಕಿ ಕಡೆ ತಿರುಗಿದೆ. ಆ ದಿನ ಮನೆಗೆ ಹೋಗುವಾಗ ನನ್ನಂಥ ಜಾಣೆ ಈ ಜಿಲ್ಲೆಯಲ್ಲೇ ಇಲ್ಲ ಅನ್ನಿಸಿತ್ತು. ಸುಳ್ಳು ಯಾಕೆ ಹೇಳಲಿ.

ಗುರುವಾರ ಬೆಳಗ್ಗೆ ಏಳಕ್ಕೆ ಡೈ ಮಷೀನಿಗೆ ಹತ್ತಿತು. ಮಷೀನ್ ನಡೆಸುವವನು ಚೂ ಲೋರ್, ಆಗ್ನೇಯ ಏಷ್ಯಾದ ಬೆಟ್ಟಗಳಿಂದ ಬಂದ ಹಮಾಂಗ್ ಜನದವನು. ಇಪ್ಪತ್ತೆರಡು ವರ್ಷದಿಂದ ನನ್ನ ಜೊತೆ ಇದ್ದಾನೆ. ಮಾತು ಕಡಿಮೆ, ಆಡಿದರೆ ಚುಚ್ಚು ಮಾತೇ. ಮೊದಲ ಪೆಟ್ಟಿಗೆ ಮಡಚಿ, ಟೇಪು ಹಾಕಿ, ಹಲಗೆ ತಂದಿಟ್ಟು ನನ್ನ ಆಫೀಸಿನ ಗಾಜು ತಟ್ಟಿದ.

"ಬಾ, ಹತ್ತು. ಹಲಗೆ ದಪ್ಪನೇದೇ ತಂದಿದೀನಿ, ನಿನ್ನ ನೋಡಿ."

ನನ್ನ ಮಂಡಿ ಆ ಬೆಳಗ್ಗೆ ಊದಿಕೊಂಡಿತ್ತು. ಅದು ಒಂದು ಕಾರಣ. ಇನ್ನೊಂದು ಕಾರಣ ಆ ಗೀಟು.

"ಅದರ ಮೇಲೆ ನಾನು ನಿಂತು ಮೂವತ್ತೈದು ವರ್ಷ ಆಯ್ತು ಕಣಯ್ಯ. ಗೀಟು ಕಾಣಲ್ವಾ? ಓಡಿಸು."

"ಗೀಟು ಮರದ ಮೇಲಿದೆ. ರಟ್ಟು ಇವತ್ತಿಂದು."

"ಚೂ, ತಲೆ ತಿನ್ಬೇಡ. ಮಧ್ಯಾಹ್ನಕ್ಕೆ ಅವಳ ಗಾಡಿ ಬರುತ್ತೆ."

ಅವನು ಹೆಗಲು ಕುಣಿಸಿ ಹೋದ. ಹತ್ತು ನಿಮಿಷದಲ್ಲಿ ಮಷೀನಿನ ಸದ್ದು ಶುರುವಾಯಿತು. ನಾನು ಕಾಫಿ ಕುಡಿದೆ. ಇವತ್ತಿಗೂ ಆ ಕಾಫಿ ನೆನಸಿಕೊಂಡರೆ ನನ್ನ ಮೇಲೆ ನನಗೇ ಮೈಯುರಿಯುತ್ತದೆ.

ಎರಡು ಗಂಟೆಗೆ ಜೋಸೆಟ್ ಗಾಡಿ ತಂದಳು. ಮಡಚದ ಪೆಟ್ಟಿಗೆಗಳ ಕಟ್ಟುಗಳನ್ನು ಹುಡುಗರು ತುಂಬುತ್ತಿದ್ದರು. ಅವಳು ಎಲ್ಲರಿಗೂ ಅಂತ ಆರು ಪೈ ತಂದು ನನ್ನ ಮೇಜಿನ ಮೇಲಿಟ್ಟಳು. ಅವತ್ತು ಅವಳ ಮುಖದಲ್ಲಿ ಬೇರೆಯೇ ಕಳೆ.

"ಒಂದು ಮಡಚಿ ನೋಡ್ತೀನಿ, ಬೇಜಾರಿಲ್ವಲ್ಲ?" ಅಂದಳು. ಮಡಚಿದಳು. ಅಜ್ಜಿಯ ಕೊಟ್ಟಿಗೆ ಹಸಿರಾಗಿ ಚೆನ್ನಾಗಿ ಬಂದಿತ್ತು. "ಎಷ್ಟು ಗಟ್ಟಿ ಇದೆ, ಅಲ್ವಾ?"

ನಾನೂ ಹೆಮ್ಮೆಯಿಂದ ಪೆಟ್ಟಿಗೆಯ ಗೋಡೆಯ ಮೇಲೆ ಹೆಬ್ಬೆರಳು ಎಳೆದೆ, ಮೇಲಿಂದ ಕೆಳಗೆ. ಉಗುರಿಗೆ ಗೀರು ಗೀರಾಗಿ ತಟ್ಟಿತು. ಮತ್ತೆ ಎಳೆದೆ. ಮತ್ತೆ ತಟ್ಟಿತು.

ಮೂರನೇ ಸಲ ಅಡ್ಡ ಎಳೆದೆ. ನುಣ್ಣಗೆ ಜಾರಿತು.

ರಟ್ಟಿನ ಎರಡು ಹಾಳೆಗಳ ನಡುವೆ ಅಲೆಅಲೆಯಾಗಿ ಮಡಚಿದ ಕಾಗದ ಇರುತ್ತದೆ. ಆ ಅಲೆ ಗೋಡೆಯಲ್ಲಿ ನೆಟ್ಟಗೆ ನಿಂತಿದ್ದರೆ ಕಂಬದ ಹಾಗೆ ಭಾರ ಹೊರುತ್ತದೆ. ಅಡ್ಡ ಮಲಗಿದ್ದರೆ ಅಪ್ಪಚ್ಚಿ. ನಿಂತ ಅಲೆ ಬೆರಳಿಗೆ ತಟ್ಟುವುದು ಅಡ್ಡ ಎಳೆದಾಗ. ಇದು ತಟ್ಟಿದ್ದು ಮೇಲಿಂದ ಕೆಳಗೆ ಎಳೆದಾಗ. ಹಾಳೆಗೆ ಮೂರು ಪೆಟ್ಟಿಗೆ ಯಾಕೆ ಸಿಕ್ಕಿತು ಅಂತ ಆಗ ಹೊಳೆಯಿತು. ಅಲೆಯನ್ನು ಮಲಗಿಸಿದ್ದಕ್ಕೆ ಸಿಕ್ಕಿತ್ತು. ಮಲಗಿಸಿದವಳು ಬೇರೆ ಯಾರೂ ಅಲ್ಲ, ಎಂಬತ್ತೊಂಬತ್ತರಲ್ಲಿ ನಾನೇ. ಆ ಪೆಟ್ಟಿಗೆ ಅಡುಗೆಮನೆಯಲ್ಲಿ ಕೈ ಒರೆಸುವ ಕಾಗದದ ಸುರುಳಿಗಳಿಗೆ ಮಾಡಿದ್ದು. ಎಮಿಲ್ ಅದರಲ್ಲಿ ಸುರುಳಿ ತುಂಬಿಸಿಯೇ ನನ್ನನ್ನು ಹತ್ತಿಸಿದ್ದ. ಅವತ್ತು ನನ್ನ ಭಾರ ಹೊತ್ತದ್ದು ಪೆಟ್ಟಿಗೆ ಅಲ್ಲ, ಒಳಗಿದ್ದ ಸುರುಳಿಗಳು.

ಪೈ ಯಾರ ಭಾರವನ್ನೂ ಹೊರುವುದಿಲ್ಲ. ಅಂಗಡಿಯವರ ಗೋದಾಮಿನಲ್ಲಿ ಒಂದರ ಮೇಲೊಂದು ಏಳು ಪೆಟ್ಟಿಗೆ ಪೇರಿಸುತ್ತಾರೆ, ತಣ್ಣನೆ ತೇವದ ಕೋಣೆಯಲ್ಲಿ, ಎರಡು ದಿನ.

"ಏನಾಯ್ತು ವಿಲ್ಮ?" ಅಂದಳು ಜೋಸೆಟ್.

"ಏನಿಲ್ಲ. ಒಂದು ಸಹಿ ಬಾಕಿ ಇದೆ. ಎರಡು ನಿಮಿಷ."

ರೋಲಂಡ್ ಹತ್ತಿರ ಹೋದೆ. ಎಮಿಲ್‌ನ ಮೊಮ್ಮಗ, ಈಗಿನ ಯಜಮಾನ. ಚಿಕ್ಕವನಿದ್ದಾಗ ನನ್ನ ಮೇಜಿನ ಕೆಳಗೆ ಕಾರು ಆಡಿಸುತ್ತಿದ್ದ. ಬಾಗಿಲು ಹಾಕಿ ಎಲ್ಲ ಹೇಳಿದೆ. ಅವನು ಕ್ಯಾಲ್ಕುಲೇಟರ್ ಎಳೆದುಕೊಂಡ.

"ತುಂಬಿದ ಪೆಟ್ಟಿಗೆ ಹದಿಮೂರು ಪೌಂಡ್. ಮೇಲೆ ಆರು. ಎಪ್ಪತ್ತೆಂಟು ಪೌಂಡ್ ಆಯ್ತು. ತಡೆಯುತ್ತೆ ಬಿಡಿ."

"ಒಣಗಿದ್ರೆ ತಡೆಯುತ್ತೆ. ತೇವದಲ್ಲಿ ರಟ್ಟಿನ ಅರ್ಧ ಜೀವ ಹೋಗುತ್ತೆ. ನಿಮ್ಮ ತಾತ ಒಬ್ಬ ಮನುಷ್ಯನ ಭಾರ ಅಂತ ಇಟ್ಟಿದ್ದು ಅದಕ್ಕೇ."

"ತಡೀಬಹುದು ವಿಲ್ಮ."

"ಬಹುದು."

"ಮತ್ತೆ? ಅಲೆ ನೆಟ್ಟಗೆ ಮಾಡಿ ಹೊಸದಾಗಿ ಕತ್ತರಿಸ್ಬೇಕು ಅಂದ್ರೆ ಡೈ ಇಲ್ಲ, ಹಾಳೆ ಇಲ್ಲ. ಸೋಮವಾರಕ್ಕೆ ಮುಂಚೆ ಆಗಲ್ಲ. ಅವಳ ಲೋಡ್ ನಾಳೆ ಬೆಳಗ್ಗೆ. ಈಗ ಹೇಳಿದ್ರೆ ಅವಳ ಆರ್ಡರ್ ಗ್ಯಾರಂಟಿ ಹೋಗುತ್ತೆ. ಹೇಳದಿದ್ರೆ ಉಳೀಲೂಬಹುದು." ದನಿ ತಗ್ಗಿಸಿದ. "ನಾನು ಅವಳ ಒಳ್ಳೇದಕ್ಕೇ ಹೇಳ್ತಿದೀನಿ."

ಕೆಟ್ಟವನಲ್ಲ ಅವನು. ಅವನ ಮಾತಿನಲ್ಲಿ ಅರ್ಥವೂ ಇತ್ತು, ಅದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪೈ ಜಜ್ಜಿಹೋದರೆ ಗೋದಾಮಿನವರ ಮೇಲೆ ಹೇಳಬಹುದಿತ್ತು, ಲಾರಿಯವನ ಮೇಲೆ ಹೇಳಬಹುದಿತ್ತು. ನಾನು ಕಿಟಕಿಯಿಂದ ನೋಡಿದೆ. ಜೋಸೆಟ್ ಗಾಡಿಯ ಹಿಂದಿನ ಬಾಗಿಲು ಹಾಕುತ್ತಿದ್ದಳು.

"ರೋಲಿ, ನೀನು ಹೊರಗೆ ಬರ್ತೀಯೋ, ಇಲ್ಲೇ ಕೂತಿರ್ತೀಯೋ, ನಿನ್ನಿಷ್ಟ" ಅಂದು ಕುಂಟುತ್ತಾ ಓಡಿದೆ.

ಅವಳು ಇಂಜಿನ್ ಶುರು ಮಾಡಿ ಸಹಿಗೆ ಕಾಯುತ್ತಿದ್ದಳು. ಗಾಜು ತಟ್ಟಿದೆ.

"ಇಳಿ. ಒಂದು ಪೆಟ್ಟಿಗೆ ತಗೊಂಡು ಒಳಗೆ ಬಾ."

"ಯಾಕೆ?"

"ನಾನು ಅದರ ಮೇಲೆ ನಿಲ್ಬೇಕಿತ್ತು, ನಿಂತಿಲ್ಲ. ಬಾ."

ಚೂ ಮಷೀನ್ ನಿಲ್ಲಿಸಿದ. ಒಬ್ಬೊಬ್ಬರೇ ಬಂದು ಸುತ್ತ ನಿಂತರು. ಮಡಚಿ ಟೇಪು ಹಾಕಿದ ಖಾಲಿ ಪೆಟ್ಟಿಗೆಯ ಮೇಲೆ ಚೂ ಹಲಗೆ ಇಟ್ಟು ಕೈ ಕೊಟ್ಟ. ನಾನು ಹತ್ತಿದೆ. ಅವನು ಎಣಿಸತೊಡಗಿದ. ಒಂದು, ಎರಡು, ಮೂರು. ರಟ್ಟು ಸದ್ದು ಮಾಡಲಿಲ್ಲ. ಹತ್ತು. ತಡೆಯುತ್ತೇನೋ ಅಂತ ಒಂದು ಆಸೆ ನನಗೆ. ಹನ್ನೆರಡು. ಕಾಲ ಕೆಳಗೆ ಏನೋ ಉಸಿರು ಬಿಟ್ಟಂತಾಯಿತು, ಮುಂದಿನ ಗೋಡೆ ಹೊಟ್ಟೆ ಉಬ್ಬಿಸಿ ಮಡಚಿಕೊಂಡಿತು, ನಾನು ಚೂನ ಹೆಗಲ ಮೇಲೆ ಬಿದ್ದೆ.

ಜೋಸೆಟ್ ಆ ಚಪ್ಪಟೆ ಪೆಟ್ಟಿಗೆ ಎತ್ತಿಕೊಂಡು ನೋಡಿದಳು. ಅಜ್ಜಿಯ ಕೊಟ್ಟಿಗೆ ನಡುವೆ ಮುರಿದಿತ್ತು.

"ತಪ್ಪು ನಂದು" ಅಂದೆ. "ಹಳೇ ಡೈ ನಂಬಿದೆ. ಬೆಳಗ್ಗೆ ಚೂ ಕರೆದ, ನಾನು ನಿಲ್ಲಲಿಲ್ಲ. ಬೇರೆ ಯಾರದೂ ತಪ್ಪಲ್ಲ."

"ನಿಮಗೆ ಯಾವಾಗ ಗೊತ್ತಾಯ್ತು?"

"ಅರ್ಧ ಗಂಟೆ ಹಿಂದೆ."

"ಸಹಿ ಬಾಕಿ ಇದೆ ಅಂದ್ರಿ."

"ಹೌದು. ಸುಳ್ಳು ಹೇಳಿದೆ."

ಅವಳು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. "ನನ್ನ ಹತ್ರ ಸಾವಿರದ ಇನ್ನೂರು ಪೈ ಆರ್ತಾ ಇವೆ" ಅಂದಳು, ಅಷ್ಟೇ.

ಚೂ ಕಸದ ರಾಶಿಗೆ ಹೋಗಿ, ಬೇರೆ ಕೆಲಸದಲ್ಲಿ ಉಳಿದ ರಟ್ಟಿನ ಒಂದು ತುಂಡು ಎಳೆದು ತಂದ. ಅದನ್ನು ಅಲೆ ನೆಟ್ಟಗಿರುವಂತೆ ಹಿಡಿದು, ನನ್ನ ಮೂಗಿನ ಮುಂದೆ ಮೂರು ಮಡಿಕೆ ಮಡಚಿದ, ಇಂಗ್ಲಿಷಿನ ಝಡ್ ಅಕ್ಷರದ ಹಾಗೆ.

"ಪೈ ಎರಡು ಸಾಲು ಅಂದ್ಯಲ್ಲ. ದುಂಡನೆ ಪೈ, ನಡುವೆ ಸಂದು ಉಳಿಯುತ್ತೆ. ಅಲ್ಲಿ ಇದನ್ನ ನಿಲ್ಸಿದ್ರೆ? ಗೋಡೆ ಹೊರದಿದ್ರೆ ಇದು ಹೊರಲಿ."

ನಾನು ಅವನ ಕೈಯಿಂದ ಅದನ್ನು ಕಿತ್ತುಕೊಂಡೆ. ಎತ್ತರ ಅಳೆದೆ. ಇನ್ನೂರು ಪೆಟ್ಟಿಗೆಗೆ ಇನ್ನೂರು ತುಂಡು. ಕಸದ ರಾಶಿಯಲ್ಲಿ ಅಷ್ಟು ರಟ್ಟಿತ್ತು. ಕತ್ತರಿಸಲು ಡೈ ಬೇಕಿಲ್ಲ, ನೇರ ಕತ್ತರಿ ಸಾಕು. ಉಳಿದ ಲೋಡುಗಳಿಗೆ ಮುಂದಿನ ವಾರ ಸಮಯವಿತ್ತು.

"ಇದಕ್ಕೆ ಎಷ್ಟು?" ಅಂದಳು ಜೋಸೆಟ್.

ನಾನು ರೋಲಂಡ್ ಕಡೆ ನೋಡಿದೆ. ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಎಂಬತ್ತೆಂಟು ಸೆಂಟೇ" ಅಂದ ಅವನು. ಹಲ್ಲು ಕಚ್ಚಿಕೊಂಡು ಅಂದ, ಆದರೂ ಅಂದ.

ಚೂ ಮೊದಲ ತುಂಡು ಕತ್ತರಿಸಿ ಹೊಸ ಪೆಟ್ಟಿಗೆಯ ನಡುವೆ ನಿಲ್ಲಿಸಿ ಹಲಗೆ ತಂದ. ನಾನು ಹತ್ತಲು ಕಾಲೆತ್ತಿದ್ದೆ.

"ತಡೀರಿ" ಅಂದಳು ಜೋಸೆಟ್.

ನನ್ನ ಮೇಜಿನ ಮೇಲಿದ್ದ ಆರು ಪೈಗಳನ್ನು ತಂದಳು. ಒಂದೊಂದನ್ನೇ ಪೆಟ್ಟಿಗೆಗೆ ಇಳಿಸಿದಳು, ಈ ಸಾಲಿಗೆ ಮೂರು, ಆ ಸಾಲಿಗೆ ಮೂರು. ಕೊನೆಯದನ್ನು ಇಡುವ ಮುಂಚೆ ಮುಚ್ಚಳ ತೆಗೆದು ನನಗೆ ತೋರಿಸಿದಳು. ಗಿಣ್ಣು ನುಣುಪಾಗಿತ್ತು, ಒಂದು ಗೀರಿಲ್ಲ. ಟೇಪು ಹಾಕಿದಳು.

"ಈಗ ನಿಲ್ಲಿ. ನಾನು ಎಣಿಸ್ತೀನಿ."

"ನಮ್ಮ ಪೈ ಅದು" ಅಂದ ಹಿಂದಿನಿಂದ ಯಾರೋ, ಮೆಲ್ಲಗೆ.

ಹತ್ತಿದೆ. ಒಂದು, ಅಂದಳು ಅವಳು. ನಿಧಾನವಾಗಿ ಎಣಿಸಿದಳು, ಚೂನಿಗಿಂತ ನಿಧಾನ. ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಪೆಟ್ಟಿಗೆಯ ಗೋಡೆಯ ಮೇಲಿತ್ತು. ಹನ್ನೆರಡು ಬಂತು. ಹನ್ನೆರಡು ದಾಟಿತು. ಮೂವತ್ತಕ್ಕೆ ರಟ್ಟು ಒಮ್ಮೆ ಚಟ್ ಅಂದಿತು, ಚೂ ಮುಂದೆ ಬಂದ, ಅವಳು ಕೈ ಅಡ್ಡ ಹಿಡಿದು ತಡೆದಳು. ಅರವತ್ತು. ಮಂಡಿಯಲ್ಲಿ ಸೂಜಿ ಆಡಿಸಿದಂತೆ ನೋವು. ಎಂಬತ್ತು. ಈ ನೋವು ನನಗೆ ಬೆಳಗ್ಗೆ ಏಳಕ್ಕೇ ಬರಬೇಕಿತ್ತು ಅಂದುಕೊಂಡೆ. ತೊಂಬತ್ತೊಂಬತ್ತು, ನೂರು.

ಚೂ ನನ್ನನ್ನು ಇಳಿಸಲು ಕೈ ಚಾಚಿದ.

"ನೂರಾ ಒಂದು" ಅಂದಳು ಜೋಸೆಟ್.

ಚೂ ಕೈ ಹಿಂದೆ ತೆಗೆದುಕೊಂಡ. ನೂರಾ ಎರಡು. ನೂರಾ ಮೂರು. ಆಗ ಅವಳು ಮೊದಲ ಸಲ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ ಅವಳ ಕಣ್ಣಿನಲ್ಲಿ. ನಂಬಿಕೆಯೂ ಇರಲಿಲ್ಲ. ಮಂಗಳವಾರ ಇತ್ತು, ಈಗ ಇರಲಿಲ್ಲ, ಅದನ್ನು ಕಳೆದವಳು ನಾನೇ. ಹಾಗಾಗಿ ಇಳಿಯಲಾ ಅಂತ ನಾನು ಕೇಳಲಿಲ್ಲ. ಇನ್ನೂರಕ್ಕೆ ಕಣ್ಣಲ್ಲಿ ನೀರು ಬಂತು. ಮಂಡಿಗೋ, ನಾಚಿಕೆಗೋ ಗೊತ್ತಿಲ್ಲ. ಅವಳು ಮುನ್ನೂರರ ತನಕ ಎಣಿಸಿದಳು.

"ಇಳೀರಿ."

ಚೂ ಹಿಡಿದುಕೊಂಡ. ಅವಳು ಟೇಪು ಕಿತ್ತು ಎಲ್ಲಕ್ಕಿಂತ ಮೇಲಿದ್ದ, ನನಗೆ ತೋರಿಸಿದ್ದ ಅದೇ ಪೈ ತೆಗೆದು, ಮುಚ್ಚಳ ಬಿಚ್ಚಿ, ದೀಪದ ಕೆಳಗೆ ಹಿಡಿದು ತಿರುಗಿಸಿದಳು. ಗಿಣ್ಣಿನ ಮೇಲೆ ಒಂದು ಗೀರಿರಲಿಲ್ಲ. ಅಲ್ಲೇ ನಿಂತು ಮುರಿದು ಮೊದಲ ತುಂಡು ಚೂಗೆ ಕೊಟ್ಟಳು, ಆಮೇಲೆ ಉಳಿದವರಿಗೆ. ರೋಲಂಡ್‌ಗೂ ಕೊಟ್ಟಳು. ನನಗೆ ಕೊಡಲಿಲ್ಲ, ನಾನು ನಿರೀಕ್ಷಿಸಲೂ ಇಲ್ಲ.

ಸಂಜೆ ಆರರೊಳಗೆ ಇನ್ನೂರು ತುಂಡು ಕತ್ತರಿಸಿದೆವು. ನಾನೂ ಕತ್ತರಿ ಹಿಡಿದಿದ್ದೆ. ಗಾಡಿ ಹತ್ತುವ ಮುಂಚೆ ಜೋಸೆಟ್ ನನ್ನ ಕಿಟಕಿಯ ಹತ್ತಿರ ಬಂದಳು.

"ನಾಳೆ ಲೋಡ್ ಸರಿಯಾಗಿ ಹೋದ್ರೆ ಈಸ್ಟರಿಗೂ ಪೆಟ್ಟಿಗೆ ಬೇಕಾಗುತ್ತೆ" ಅಂದಳು. "ಆಗ ಮೊದಲು ನಿಲ್ಲಿ. ಆಮೇಲೆ ರೇಟು ಹೇಳಿ."

ಲೋಡ್ ಸರಿಯಾಗಿಯೇ ಹೋಯಿತು. ಮಾರ್ಚಿನಲ್ಲಿ ಅವಳು ಬರುವ ಹೊತ್ತಿಗೆ ನಾನು ಮಾದರಿ ಪೆಟ್ಟಿಗೆ ಮಡಚಿ, ಹಲಗೆ ಇಟ್ಟು, ಅದರ ಮೇಲೆ ಹತ್ತಿ ನಿಂತಿದ್ದೆ. ಅವಳು ಬಾಗಿಲಲ್ಲಿ ನನ್ನನ್ನು ನೋಡಿದಳು, ಕೋಟು ಬಿಚ್ಚಿ ಕುರ್ಚಿಗೆ ಹಾಕಿದಳು, ಒಂದರಿಂದ ಎಣಿಸಲು ಶುರುಮಾಡಿದಳು.